ಪಾರ್ವತವ್ವನ ಎಡಗೈ

ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಒಂದು ಚಟ. ಮದುಮಗಳ ಮುಖ ಮದುಮಗನ ಕಡೆಗಿಲ್ಲವೆಂದರೆ ಶಾಟನ್ನೇ ಕನ್ನಡಿಯಂತೆ ಉಲ್ಟಾ ತಿರುಗಿಸಿಬಿಡುತ್ತಾರೆ. ಸಿದ್ದಾಪುರದ ತನ್ನ ಸ್ಟುಡಿಯೋದಲ್ಲಿ ಸುಜಯ ಆ ಮಧ್ಯಾಹ್ನವೂ ಹಾಗೇ ತಿರುಗಿಸಿದ. ಮದುಮಗಳ ಸೆರಗು ಬಲ ಹೆಗಲಿಗೆ ಹೋಗಿ ಕೂತಿತು. ಸರಿಮಾಡಲು ಹೊರಟವನ ಎದೆ ಧಸಕ್ಕೆಂದಿತು. ಪಾರ್ವತವ್ವನ ಶಾಟನ್ನೂ ಹೀಗೇ ತಿರುಗಿಸಿದ್ದೆನಲ್ಲ!

ಪಾರ್ವತವ್ವ, ಶಿರಸಿಯ ನರರೋಗ ತಜ್ಞೆ ಡಾ. ಪರಿಮಳಾ ಅವರ ಪೇಶೆಂಟ್. ಸುತ್ತಲಿನ ಡಾಕ್ಟರುಗಳ ಕಲಿಕೆಗೆಂದು ಪರಿಮಳಾ ಐದೈದು ನಿಮಿಷದ ವಿಡಿಯೋ ಪಾಠ ಮಾಡುತ್ತಿದ್ದರು; ಎಡಿಟಿಂಗ್ ಸುಜಯನದು. ಅಂಥ ಒಂದು ಪಾಠದಲ್ಲಿ ಈ ಅಜ್ಜಿ ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿದ್ದಳು; ಸ್ಟ್ರೋಕ್ ಆದ ಎಡಗೈ ಮೆಲ್ಲಗೆ ಕೆಳಗಿಳಿದಿತ್ತು. ಅಜ್ಜಿಯ ಮುಖ ಡಾಕ್ಟರ ಕಡೆಗಿದ್ದರೆ ಚಂದವೆಂದು ಈ ಮಹಾಶಯ ತಿರುಗಿಸಿದ್ದ. ಈಗ ಪಾಠ ಹೇಳುವುದು ಎಡಗೈ, ಕಾಣುವುದು ಬಲಗೈ.

ಅಂದೇ ನಾಲ್ಕಕ್ಕೆ ಶಿರಸಿಯ ಸಭಾಂಗಣದಲ್ಲಿ ಅರವತ್ತು ಡಾಕ್ಟರುಗಳೆದುರು ಅದರ ಪ್ರದರ್ಶನ. ಗುಟ್ಟಾಗಿ ಫೈಲ್ ಬದಲಿಸೋಣವೆಂದರೆ ಅವರಲ್ಲಿ ಹನ್ನೆರಡು ಮಂದಿ ಆಗಲೇ ಅದನ್ನು ಇಳಿಸಿಕೊಂಡಿದ್ದರು. ಹೇಳದೆ ವಿಧಿಯಿಲ್ಲ. ಹೇಳಿದರೆ ಪರಿಮಳಾ ಇನ್ನು ತನ್ನನ್ನು ಕರೆಯುವುದಿಲ್ಲ. ಎಂಟು ತಿಂಗಳಿಂದ ಆಕೆಯ ಒಂದು ಫೋನಿಗಾಗಿ ಮದುವೆ ಸೀಸನ್ನಿನ ಕೆಲಸವನ್ನೇ ಹಿಂದೆ ಸರಿಸಿದವನು ಅವನು. ಆದರೂ ಫೋನ್ ಮಾಡಿದ, ಆಕೆ ಎತ್ತಲಿಲ್ಲ. ಬೈಕ್ ಹತ್ತಿದ.

ಶಿರಸಿ ಮುಟ್ಟಿದಾಗ ಮೂರು ದಾಟಿತ್ತು. ಸಭಾಂಗಣದ ಪಕ್ಕದ ಕೋಣೆಯಲ್ಲಿ ಪರಿಮಳಾ ಒಬ್ಬರೇ ಇದ್ದರು. ಅವನ ಮುಖ ನೋಡಿ ಎಂತ ಆಯ್ತು ಎಂದು ಕೇಳಿದರು. ಸುಜಯ ತಡವರಿಸುತ್ತ ಎಲ್ಲ ಹೇಳಿದ, ಹನ್ನೆರಡು ಮಂದಿಯದ್ದನ್ನೂ ಸೇರಿಸಿ. ತಪ್ಪು ತನ್ನದೇ ಎಂದು ಅವರಿಗೆಲ್ಲ ತಾನೇ ಬರೆಯುತ್ತೇನೆಂದ.

ಪರಿಮಳಾ ಲ್ಯಾಪ್‌ಟಾಪ್ ತೆರೆದು ಆ ಶಾಟ್ ನೋಡಿದರು. ಹುಬ್ಬು ಗಂಟಾಯಿತು. ಆಮೇಲೆ ಕಿವಿಯವರೆಗೂ ಕೆಂಪಾದರು. ಮುಗಿಯಿತು ಕಥೆ ಎಂದುಕೊಂಡ ಸುಜಯ.

"ಮೊನ್ನೆ ನಿಮ್ ಪಕ್ಕದಲ್ಲೇ ಕೂತು ಇದನ್ನ ಮೂರು ಸಲ ನೋಡಿ ಓಕೆ ಅಂದೆ ಅಲ್ಲವಾ?"

"ಹೌದು ಡಾಕ್ಟ್ರೇ."

"ಎಡ ಯಾವ್ದು, ಬಲ ಯಾವ್ದು ನೋಡೋದೇ ನನ್ನ ಕೆಲ್ಸ. ಆದ್ರೂ ಗೊತ್ತಾಗ್ಲಿಲ್ಲ. ಯಾಕೆ ಹೇಳಿ?"

ಪರಿಮಳಾ ಪರದೆಯಿಂದ ಕಣ್ಣೆತ್ತಿ ಅವನತ್ತ ನೋಡಿದರು.

"ನಾನು ಪಾರ್ವತವ್ವನ್ನ ನೋಡ್ತಾನೇ ಇರ್ಲಿಲ್ಲ ಸುಜಯ."

ಹಾಗೆಂದು ಶಾಟ್ ಸರಿಮಾಡಲು ಲ್ಯಾಪ್‌ಟಾಪನ್ನು ಅವನ ಮುಂದೆ ಸರಿಸಿ, ಪರಿಮಳಾ ತಮ್ಮ ಫೋನಿನಲ್ಲಿ ಆ ಹನ್ನೆರಡು ಮಂದಿಗೆ ಪತ್ರ ಬರೆಯಲು ಕೂತರು. ತಪ್ಪು ನಮ್ಮಿಬ್ಬರದು ಎಂದು ಶುರುಮಾಡಿದರು.