ಹೆಂಗಸರ ಬಳೆ ತಟ್ಟಿದವನು

ಟಿಣ್. ಸ್ವಲ್ಪ ತಡೆದು ಮತ್ತೆ, ಟಿಣ್.

ಮಲಗುವ ಹೊತ್ತು ಮೀರಿತ್ತು. ನಾನು ಕೂದಲು ಬಿಚ್ಚಿ ಬಾಚಿಕೊಳ್ಳುತ್ತಾ ಕೂತಿದ್ದೆ. ನಮ್ಮೂರು ಸಫ್ರಾನ್‌ಬೋಲುವಿನ ಹಳೆಯ ಮನೆಗಳ ಕದಕ್ಕೆ ಎರಡು ಕಬ್ಬಿಣದ ಬಳೆಗಳಿರುತ್ತವೆ. ಗಂಡಸರು ದೊಡ್ಡದನ್ನು ಬಡಿಯುತ್ತಾರೆ, ಅದರ ಸದ್ದು ಧಡ್ಡೆಂದು ಮೇಲಿನ ಮಹಡಿಗೆ ಏರುತ್ತದೆ. ಹೆಂಗಸರು ಚಿಕ್ಕದನ್ನು ತಟ್ಟುತ್ತಾರೆ. ಸದ್ದು ಕೇಳಿದ ಮೇಲೆ ಯಾರು ಎದ್ದು ಹೋಗಬೇಕು, ತಲೆಗೆ ಬಟ್ಟೆ ಬೇಕೋ ಬೇಡವೋ ಎಂದು ನಾವು ಯೋಚಿಸುವುದಿಲ್ಲ. ಕಾಲು ತಾನಾಗಿ ನಡೆಯುತ್ತದೆ. ಎದುರು ಗುಡ್ಡದ ಗೆಳತಿ ಗುಲ್ಟೆನ್ ತಲೆನೋವಿನ ಮಾತ್ರೆಗೆ ಬಂದಿರಬೇಕು ಅಂದುಕೊಂಡು, ರಾತ್ರಿಯ ನಿಲುವಂಗಿಯಲ್ಲೇ, ಬಾಚಣಿಗೆ ಹಿಡಿದುಕೊಂಡೇ ಇಳಿದು ಕದ ತೆಗೆದೆ.

ಗಂಡಸು. ಹೆಗಲಿಗೆ ಬ್ಯಾಗು, ತಲೆಗೆ ಉಣ್ಣೆಯ ಟೋಪಿ. ನನ್ನ ಕೂದಲು ನೋಡಿದ, ಬಾಚಣಿಗೆ ನೋಡಿದ, ಆಮೇಲೆ ತುಂಬ ಸಭ್ಯನಂತೆ ನೆಲ ನೋಡಿದ.

"ಕೋಣೆ ಇದೆಯಾ?"

"ನೀವು ಯಾವ ಬಳೆ ತಟ್ಟಿದ್ರಿ?"

"ಕೈಗೆ ಸಿಕ್ಕಿದ್ದನ್ನ. ಯಾಕೆ?"

"ಅದು ಹೆಂಗಸರದ್ದು."

"ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ. ಕದ ಹಾಕ್ಕೊಳ್ಳಿ, ಈ ಸಲ ದೊಡ್ಡದನ್ನ ತಟ್ಲಾ?"

ಸಿಟ್ಟು ಬರಬೇಕಿತ್ತು. ನಗು ಬಂತು. ಮೇಲಿನಿಂದ ನನ್ನ ಸೋದರತ್ತೆ ಮುಅಲ್ಲಾ ಕೂಗಿದರು: "ಯಾರೇ ನೆವಿನ್, ಈ ಹೊತ್ತಲ್ಲಿ?"

"ಗಿರಾಕಿ, ಅತ್ತೆ!"

"ಹೆಂಗಸೋ ಗಂಡಸೋ?"

ಅವನು ಪಿಸುಗುಟ್ಟಿದ: "ಬಳೆ ಪ್ರಕಾರ ಹೆಂಗಸು ಅನ್ನಿ."

ಅವನ ಹೆಸರು ಇಲ್ಹಾನ್. ಕಪ್ಪು ಸಮುದ್ರದ ದಂಡೆಯವನು, ಊರೂರು ಸುತ್ತಿ ಹಳೆಯ ಮನೆಗಳ ಫೋಟೊ ತೆಗೆಯುವುದು ಕೆಲಸ. ಈ ಊರಿಗೆ ಮೊದಲ ಸಲ ಅಂದ. ಆ ರಾತ್ರಿ ಕೆಳಗಿನ ಹಜಾರದಲ್ಲೇ ಮಲಗಿದ. ಮರುದಿನ ಅತ್ತೆ ಅವನಿಗೆ ಮುಂದಿನ ಕೋಣೆ ತೋರಿಸಿದರು. ಕಣಿವೆ, ಎದುರು ಗುಡ್ಡದ ಮನೆಗಳ ಸಾಲು, ಎಲ್ಲ ಒಂದೇ ನೋಟಕ್ಕೆ ಸಿಗುವ ಕೋಣೆ. ಬಂದವರೆಲ್ಲ ಅದಕ್ಕೇ ಜಗಳವಾಡುತ್ತಾರೆ. ಅವನು ಬೇಡ ಅಂದ, ಹಿತ್ತಲ ಕಡೆಯದು ಸಾಕು ಅಂದ.

"ಬೆಳಗಿನ ಬಿಸಿಲು ಕಣ್ಣಿಗೆ ಚುಚ್ಚುತ್ತೆ, ಅತ್ತೆ."

"ಫೋಟೊ ತೆಗೆಯೋನಿಗೆ ಬೆಳಕು ಆಗಲ್ವಂತೆ. ಮೀನು ಮಾರೋನಿಗೆ ಮೀನಿನ ವಾಸನೆ ಆಗಲ್ಲ ಅಂದ ಹಾಗಾಯ್ತು," ಎಂದು ಅತ್ತೆ ಅಡುಗೆಮನೆಯಲ್ಲಿ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನ ಮೂಲೆಯಲ್ಲಿ ಕೂತಿತು. ನನಗೆ ಹಾಗೆ. ಬಾಗಿಲು ಹಾಕಿದ ಮೇಲೂ ಒಮ್ಮೆ ತಳ್ಳಿ ನೋಡುವವಳು ನಾನು.

ಅದು ಶರತ್ಕಾಲ, ಕೇಸರಿ ಹೂ ಬಿಡುವ ಸಮಯ. ಸೂರ್ಯ ಬರುವ ಮೊದಲೇ ಹೂ ಕೀಳಬೇಕು, ಬಿಸಿಲು ಬಿದ್ದರೆ ಬಾಡುತ್ತದೆ. ನಮ್ಮ ತುಂಡು ಹೊಲಕ್ಕೆ ನಾನು ಹೊರಟರೆ ಅವನೂ ಹಿಂದೆಯೇ ಬರುತ್ತಿದ್ದ. ನೇರಳೆ ಹೂವು, ಅದರ ಹೊಟ್ಟೆಯಲ್ಲಿ ಕೆಂಪು ಎಳೆ. ಬಿಡಿಸಿದ ಬೆರಳಿಗೆ ಮಾತ್ರ ಹಳದಿ ಬಣ್ಣ.

"ಇದೇನು ಮೋಸ? ಕೆಂಪು ಮುಟ್ಟಿದ್ರೆ ಹಳದಿ ಅಂಟುತ್ತೆ!"

"ತೊಳೆದ್ರೂ ಹೋಗಲ್ಲ. ಕದ್ದೋರು ಇಲ್ಲಿ ಸುಲಭವಾಗಿ ಸಿಕ್ಕಿಬೀಳ್ತಾರೆ."

"ನಾನು ಕದ್ದದ್ದು ಸಿಕ್ಕಿಬೀಳೋ ಅಂಥದ್ದಲ್ಲ ಬಿಡಿ." ನನ್ನ ಕಣ್ಣನ್ನೇ ನೋಡುತ್ತಿದ್ದ. ಬುಟ್ಟಿ ಎತ್ತಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಕಿವಿ ಬಿಸಿಯಾಗಿತ್ತು, ಅದು ಅವನಿಗೂ ಕಂಡಿರಬೇಕು.

ಅಂಕಾರಾದಲ್ಲಿ ಕಾಲೇಜು ಮುಗಿಸಿ ಬಂದ ಮೇಲೆ ಬಂದ ಸಂಬಂಧಗಳನ್ನೆಲ್ಲ ಬೇಡ ಅಂದವಳು ನಾನು. ಅತ್ತೆ ಬೇಸತ್ತು ಕೇಳುವುದನ್ನೇ ಬಿಟ್ಟಿದ್ದರು. ಅಂಥವಳು, ಹೊಲದ ಬದುವಿನ ಮೇಲೆ ಇಲ್ಹಾನ್, "ಹೂ ಮುಗಿದ ಮೇಲೆ ಅಮ್ಮನನ್ನ ಕರ್ಕೊಂಡು ಬರ್ತೀನಿ, ನಿನ್ನ ಕೇಳೋಕೆ. ಬರ್ಲಾ?" ಅಂದಾಗ, "ದೊಡ್ಡ ಬಳೆ ತಟ್ಟಿ ಬಾ," ಅಂದುಬಿಟ್ಟೆ. ಶುಕ್ರವಾರ ಅತ್ತೆಗೆ ಹೇಳುವುದೆಂದು ಮಾತಾಯಿತು. ಆವತ್ತು ಮನೆಗೆ ನಡೆದದ್ದು ನೆನಪಿಲ್ಲ, ತೇಲಿರಬೇಕು.

ಬುಧವಾರ ಅತ್ತೆ ದ್ರಾಕ್ಷಿ ಎಲೆಯ ಕಡುಬು ಮಾಡಿದ್ದರು. ಬೀದಿಯ ತುದಿಯ ರುಕಿಯೆ ಅಜ್ಜಿಗೆ ಒಂದು ತಟ್ಟೆ ಕೊಟ್ಟು ಬಾ ಎಂದು ಇಲ್ಹಾನ್‌ನನ್ನೇ ಕಳಿಸಿದರು. ನಾನು ಕಿಟಕಿಯ ಮರದ ಜಾಲರಿಯ ಹಿಂದೆ ನಿಂತು ಅವನ ನಡಿಗೆ ನೋಡುತ್ತಿದ್ದೆ. ದೊಡ್ಡ ಬಳೆ ತಟ್ಟಿದ. ಸರಿ, ಅದನ್ನು ನಾನೇ ಹೇಳಿಕೊಟ್ಟಿದ್ದೆ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಾಗಿಲಿಗೆ ಬೆನ್ನು ಹಾಕಿ ನಿಂತ.

ಕದ ತೆಗೆಯುವ ಹೆಂಗಸು ಯಾವ ಸ್ಥಿತಿಯಲ್ಲಿದ್ದರೂ ಕಣ್ಣಿಗೆ ಬೀಳಬಾರದೆಂದು ಈ ಬೀದಿಯ ಹಳೆಯ ಗಂಡಸರು ನಿಲ್ಲುವುದು ಹಾಗೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

"ಬೆನ್ನು ತಿರುಗಿಸಿ ನಿಲ್ಲೋದನ್ನ ಎಲ್ಲಿ ಕಲಿತೆ?" ವಾಪಸು ಬಂದಾಗ ಕೇಳಿದೆ.

"ನಮ್ಮಜ್ಜಿ ಹೇಳ್ತಿದ್ಲು. ಯಾಕೆ, ಪೊಲೀಸ್ ವಿಚಾರಣೆನಾ?"

ಅವನಜ್ಜಿ ಕಲಿಸಿದ್ದು, ಅವನು ಇಲ್ಲಿಗೆ ಬಂದ ರಾತ್ರಿ ಎಲ್ಲಿ ಹೋಗಿತ್ತು? ಕೇಳಲಿಲ್ಲ. ಪ್ರೀತಿಸುವವರಿಗೆ ಉತ್ತರಕ್ಕಿಂತ ನೆಮ್ಮದಿ ಹೆಚ್ಚು ಬೇಕಾಗಿರುತ್ತದೆ.

ಗುರುವಾರ ಅವನು ಫೋಟೊಗೆಂದು ಹೊರಗೆ ಹೋದಾಗ ಚಿಕ್ಕ ಬಳೆ ಸದ್ದಾಯಿತು. ಈ ಸಲ ನಿಜಕ್ಕೂ ಗುಲ್ಟೆನ್. ಅವರದೂ ನಮ್ಮಂತೆ ಗಿರಾಕಿಗಳಿಗೆ ಕೋಣೆ ಕೊಡುವ ಮನೆ. ವಸಂತದಿಂದ ಅವರ ಮೇಲಿನ ಕಿಟಕಿಯಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತದೆ. ಕರೆಂಟ್ ಬಿಲ್ ನಿಮ್ಮಪ್ಪನ ಕಣ್ಣಿಗೆ ಬಿದ್ದಿಲ್ವಾ ಎಂದು ನಾನು ಛೇಡಿಸುತ್ತಲೇ ಇದ್ದೆ.

"ಔಷಧಿ ಅಂಗಡಿಯವನ ಮನೆಯವರು ಬಂದು ಹೋದ್ರು ಕಣೇ," ಅಂದಳು. "ಹೂ ಕೊಯ್ಲು ಮುಗಿಯೋವರೆಗೆ ಟೈಮ್ ಕೇಳಿದೀನಿ. ಆಮೇಲೆ ದೀಪ ಆರಿಸಿ ಹೂಂ ಅಂತೀನಿ."

"ದೀಪಕ್ಕೂ ಮದುವೆಗೂ ಏನೇ ಸಂಬಂಧ?"

ಅವಳು ಸ್ಕಾರ್ಫಿನ ಅಂಚು ತಿರುಚುತ್ತಾ ಕೂತಳು. "ನಗಬಾರದು. ಯಾರಿಗೂ ಹೇಳಿಲ್ಲ. ವಸಂತದಲ್ಲಿ ಒಬ್ಬ ಬಂದಿದ್ದ. ರಾತ್ರಿ ಹೊತ್ತು, ಗೊತ್ತಿಲ್ದೆ ಚಿಕ್ಕ ಬಳೆ ತಟ್ಟಿಬಿಟ್ಟಿದ್ದ ಪಾಪ. ನಾನು ನೀನೇ ಅಂದ್ಕೊಂಡು ಹಾಗೇ ಓಡಿ ಹೋಗಿದ್ದೆ."

ನಾನು ಹೂವಿನ ಎಳೆ ಬಿಡಿಸುತ್ತಿದ್ದೆ. ಕೈ ನಿಂತಿತು.

"ಏನೂ ತಿಳೀದ ಮನುಷ್ಯ. ಕದ ತಟ್ಟಿದ ಮೇಲೆ ಬೆನ್ನು ತಿರುಗಿಸಿ ನಿಲ್ಬೇಕು ಅಂತ ನಾನೇ ಕಲಿಸ್ಬೇಕಾಯ್ತು. ತಮಾಷೆಗೆ ಕಾಫಿಗೆ ಉಪ್ಪು ಹಾಕಿ ಕೊಟ್ಟೆ, ಹೆಣ್ಣು ಕೇಳೋಕೆ ಬಂದೋರಿಗೆ ಕೊಡ್ತೀವಲ್ಲ ಹಾಗೆ. ಮುಖ ಕಿವುಚ್ಲಿಲ್ಲ ಕಣೇ! 'ಕಡಲ ಮಗ್ಗುಲಲ್ಲಿ ಹುಟ್ಟಿದೋನು, ಉಪ್ಪಿಲ್ದಿದ್ರೆ ನಂಗೆ ರುಚಿಸೋದೇ ಇಲ್ಲ' ಅಂದ. ವಾಪಸ್ ಬರ್ತೀನಿ, ರಸ್ತೆಯಿಂದ ಕಾಣೋ ಹಾಗೆ ದೀಪ ಇಟ್ಟಿರು ಅಂದ. ಇಟ್ಟೆ." ಕಣ್ಣು ಒರೆಸಿಕೊಂಡು ನಕ್ಕಳು. "ಬರಲ್ಲ ಅಂತ ಗೊತ್ತು. ಆದ್ರೂ ಆ ಒಂದು ವಸಂತ ನಂದು ಅನ್ಸುತ್ತೆ. ಅದನ್ನ ಜೊತೆಗಿಟ್ಕೊಂಡೇ ಔಷಧಿ ಅಂಗಡಿಗೆ ಹೋಗ್ತೀನಿ."

"ಹೆಸರೇನು ಅವನದು?"

"ಹೇಳಲ್ಲ. ಹೇಳಿದ್ರೆ ನೀನು ಸಾಯೋವರೆಗೂ ಆಡ್ಕೋತೀಯ."

ಅವಳು ಹೋದ ಮೇಲೂ ನಾನು ಮನಸ್ಸಿನಲ್ಲೇ ಇಲ್ಹಾನ್ ಪರವಾಗಿ ವಾದಿಸುತ್ತಿದ್ದೆ. ಕಡಲ ಕಡೆಯವರು ಎಷ್ಟಿಲ್ಲ? ದಾರಿ ಗೊತ್ತಿಲ್ಲದವರು ಯಾವ ಬಳೆ ತಟ್ಟಿದರೇನು? ಆದರೆ ಹಿತ್ತಲ ಕೋಣೆ ಕಣ್ಣ ಮುಂದೆ ಬಂತು. ಅವನಿಗೆ ಆಗದಿದ್ದದ್ದು ಬೆಳಗಿನ ಬಿಸಿಲಲ್ಲ, ರಾತ್ರಿಯ ಆ ದೀಪ.

ಸಂಜೆ ತಾಮ್ರದ ಪಾತ್ರೆಯಲ್ಲಿ ಕಾಫಿ ಕಾಯಿಸಿದೆ. ಸಕ್ಕರೆ ಹಾಕುವಷ್ಟೇ ಧಾರಾಳವಾಗಿ ಉಪ್ಪು ಹಾಕಿದೆ. ನೊರೆ ಚೆನ್ನಾಗಿ ಬಂತು. ಸುಮ್ಮನೆ ಥೂ ಅಂತ ಉಗುಳಿಬಿಡು, ನನ್ನನ್ನು ಬೈದುಬಿಡು ಎಂದು ಬೇಡಿಕೊಳ್ಳುತ್ತಾ ಅವನ ಮುಂದೆ ಇಟ್ಟೆ.

ಒಂದು ಗುಟುಕು ಕುಡಿದ. ಹುಬ್ಬು ಕೂಡ ಅಲುಗಲಿಲ್ಲ. ಕಣ್ಣಲ್ಲಿ ಮಾತ್ರ ನಗು ತುಂಬಿಕೊಂಡು ನನ್ನ ಕಡೆ ಬಾಗಿದ.

"ಕಡಲ ಮಗ್ಗುಲಲ್ಲಿ ಹುಟ್ಟಿದೋನು ನಾನು. ಉಪ್ಪಿಲ್ದಿದ್ರೆ ನಂಗೆ ರುಚಿಸೋದೇ ಇಲ್ಲ."

ಎಷ್ಟು ಚೆಂದ ಹೇಳಿದ! ಗುಲ್ಟೆನ್ ಹೇಳದೇ ಇದ್ದಿದ್ದರೆ ಆ ಮಾತನ್ನು ನಾನೂ ಜೀವಮಾನವಿಡೀ ಕಾಪಾಡಿಕೊಳ್ಳುತ್ತಿದ್ದೆ.

"ಪೂರ್ತಿ ಕುಡಿ," ಅಂದೆ. ಕುಡಿದ. "ಈಗ ಮುಂದಿನ ಕೋಣೆಗೆ ಬಾ. ಕಿಟಕಿ ಹತ್ರ ನಿಂತ್ಕೋ."

ಕತ್ತಲಾಗಿತ್ತು. ಎದುರು ಗುಡ್ಡದ ಮೇಲಿನ ಕಿಟಕಿಯಲ್ಲಿ ದೀಪ ಹೊತ್ತಿಕೊಂಡಿತ್ತು. ಅವನು ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ಯಾರು ಹೇಳಿದ್ರು ನಿಂಗೆ?"

ತಪ್ಪಾಯಿತು ಅನ್ನಲಿಲ್ಲ. ಅಲ್ಲ ಅನ್ನಲೂ ಇಲ್ಲ. ಕೇಳಿದ್ದು ಇಷ್ಟೇ.

"ನೀನೇ ಹೇಳ್ದೆ, ಈಗ."

"ನೆವಿನ್, ನಿನ್ನ ವಿಷಯದಲ್ಲಿ ಎಲ್ಲಾ ನಿಜ."

"ಆ ಬಳೆ ಕೈಗೆ ಸಿಕ್ಕಿದ್ದೂ ನಿಜಾನಾ?"

ಅವನು ಹಿತ್ತಲ ಕೋಣೆಯ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಬ್ಯಾಗು ಹೆಗಲಿಗೇರಿಸಿ ಇಳಿದು ಹೋದ. ಅಂಗಳ ದಾಟುವಾಗ ಟೋಪಿ ಎಳೆದು ಎದುರು ಗುಡ್ಡದ ಕಡೆಯ ಕೆನ್ನೆ ಮುಚ್ಚಿಕೊಂಡದ್ದನ್ನು ಜಾಲರಿಯ ಹಿಂದಿನಿಂದ ನೋಡಿದೆ. ಅಳು ಬಂದದ್ದು ಆಗ.

ಶುಕ್ರವಾರ ಅತ್ತೆ ಹಿತ್ತಲ ಕೋಣೆಯ ಹಾಸಿಗೆ ಮಡಚುತ್ತಾ ಕೇಳಿದರು: "ಶುಕ್ರವಾರ ಏನೋ ಹೇಳ್ತೀನಿ ಅಂದಿದ್ಯಲ್ಲ?"

"ಮರೆತೋಯ್ತು, ಅತ್ತೆ."

ಅವರು ನನ್ನ ಊದಿದ ಕಣ್ಣು ನೋಡಿದರು. "ಈರುಳ್ಳಿ ನಾನೇ ಹೆಚ್ತೀನಿ ಇವತ್ತು," ಅಂದರು, ಅಷ್ಟೆ.

ಹೂ ಕೊಯ್ಲು ಮುಗಿದ ಸಂಜೆ ಗುಲ್ಟೆನ್ ಓಡಿ ಬಂದಳು. ಹೂಂ ಅಂದಾಗಿತ್ತು. ಬೆರಳಲ್ಲಿ ನಿಶ್ಚಿತಾರ್ಥಕ್ಕೆ ಕಟ್ಟಿದ ಕೆಂಪು ರಿಬ್ಬನ್ನಿನ ಎಳೆ ಇನ್ನೂ ತೂಗುತ್ತಿದ್ದ ಉಂಗುರ, ಮುಖದಲ್ಲಿ ನಾಚಿಕೆ.

"ಔಷಧಿ ಅಂಗಡಿಯೋನು ಉಪ್ಪಿನ ಕಾಫಿ ಕುಡಿದು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕ್ಬಿಟ್ಟ ಕಣೇ!"

"ಒಳ್ಳೇದಾಯ್ತು," ಅಂದೆ. ಮನಸಾರೆ ಅಂದೆ.

"ಅಂದ ಹಾಗೆ, ನಿಮ್ಮನೆಗೆ ಒಬ್ಬ ಗಿರಾಕಿ ಬಂದಿದ್ನಂತೆ? ಹೊಲಕ್ಕೂ ನಿನ್ನ ಜೊತೆ ಬರ್ತಿದ್ನಂತೆ? ರುಕಿಯೆ ಅಜ್ಜಿ ಹೇಳಿದ್ಲು. ಯಾರೇ ಅದು? ಹೇಗಿದ್ದ?"

ನಾಲಿಗೆಯ ತುದಿಗೆ ಎಲ್ಲ ಬಂದಿತ್ತು. ಹೇಳಿದರೆ ನನ್ನ ಭಾರ ಅರ್ಧವಾಗುತ್ತಿತ್ತು, ಅವಳ ವಸಂತ ಪೂರ್ತಿ ಹೋಗುತ್ತಿತ್ತು. ಅವಳ ಬೆರಳ ತುದಿ ಹಳದಿಯಾಗಿತ್ತು. ನನ್ನದೂ.

"ಯಾರೋ ದಾರಿಹೋಕ," ಅಂದೆ. "ಫೋಟೊ ತೆಗೆಯೋನು. ಮುಖ ಕೂಡ ನೆನಪಿಲ್ಲ."

ಅವಳು ಮನೆ ಸೇರುವುದನ್ನೇ ಕಾಯುತ್ತಾ ಮುಂದಿನ ಕೋಣೆಯ ಕಿಟಕಿಯಲ್ಲಿ ನಿಂತೆ. ಎದುರು ಗುಡ್ಡದಲ್ಲಿ ಆ ದೀಪ ಇನ್ನೂ ಸ್ವಲ್ಪ ಹೊತ್ತು ಉರಿಯಿತು. ಆಮೇಲೆ ಆರಿತು. ಅದು ಯಾರಿಗಾಗಿ ಉರಿದಿತ್ತು ಎಂಬುದು ಈಗ ಈ ಊರಿನಲ್ಲಿ ನನಗೊಬ್ಬಳಿಗೇ ಪೂರ್ತಿ ಗೊತ್ತು. ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿ, ಕಿಟಕಿ ಮುಚ್ಚಿ, ಮುಚ್ಚಿದೆಯೋ ಇಲ್ಲವೋ ಎಂದು ಒಮ್ಮೆ ತಳ್ಳಿ ನೋಡಿದೆ.