ಹುಬ್ಬಿನಲ್ಲಿ ಹೇಳಿದ ಮಾತು

ಆರೋಗ್ಯ ಕೇಂದ್ರದ ಬಾಗಿಲು ಧಡಾರನೆ ತೆರೆಯಿತು. ಹೊರಗಿನ ಕೊರೆಯುವ ಗಾಳಿಯ ಜೊತೆಗೇ ಗೀಲಾ ಒಳಗೆ ನುಗ್ಗಿದಳು.

ಮೈಮೇಲಿನ ದಪ್ಪ ಚಳಿಕೋಟು ಪಾರ್ಕಾದ ಟೋಪಿಯನ್ನೂ ಸರಿಸಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲೆ ಕುಕ್ಕಿದಳು.

"ಇದನ್ನ ಬರೆದೋರು ಯಾರು?"

ಮೇಜಿನ ಹಿಂದಿದ್ದ ಕೆಂಚು ಗಡ್ಡದ ನರ್ಸು ತಲೆ ಎತ್ತಿದ. ಬಾಯಲ್ಲಿ ಅರ್ಧ ಬಿಸ್ಕತ್ತು.

"ನಾನೇ... ಬಾಸೀಲ್ ಥೆರಿಯೋ. ಬಂದು ಒಂದು ವಾರ ಆಯ್ತು. ನೀವು...?"

"ನನ್ನ ಹೆಸರು ಆಮೇಲೆ! 'ರೋಗಿ ಕಣ್ಣಿನ ಆಪರೇಷನ್ ಬೇಡ ಎಂದಿದ್ದಾರೆ'... ಹೀಗೆ ಬರೆದಿದ್ದೀರಲ್ಲ, ನಮ್ಮಜ್ಜಿ ಬೇಡ ಅಂದ್ಲಾ? ನಿಮ್ಮ ಹತ್ರ?"

"ಅವರು... ಏನೂ ಅನ್ನಲಿಲ್ಲ."

"ಏನೂ ಅನ್ನದಿದ್ರೆ ಬೇಡ ಅಂತ ಹೇಗೆ ಬರೆದ್ರಿ?"

"ನಿಮ್ಮ ಭಾಷೇಲಿ ಬರೆದಿಟ್ಟ ಪ್ರಶ್ನೇನ ಓದಿ ಮೂರು ಸಲ ಕೇಳ್ದೆ. ನಿಧಾನಕ್ಕೆ ಕೇಳ್ದೆ, ಜೋರಾಗಿ ಕೇಳ್ದೆ. ಕೊನೇಗೆ ಅವರು ಕಿಟಕಿ ಕಡೆ ತಿರುಗಿ ಕೂತುಬಿಟ್ರು. ನಾನೇನು ಮಾಡ್ಲಿ?"

ಗೀಲಾ ಅವನನ್ನು ದುರುಗುಟ್ಟಿಕೊಂಡು ನೋಡಿದಳು. 'ಇನ್ನೊಬ್ಬ! ಮೂರು ತಿಂಗಳು ಇದ್ದು, ಹಿಮಕರಡಿಯ ಫೋಟೋ ತೆಗೆದುಕೊಂಡು ಹೋಗೋ ಇನ್ನೊಬ್ಬ!'

ಅವಳ ಸಿಟ್ಟಿನಲ್ಲಿ ತಪ್ಪಿರಲಿಲ್ಲ ಬಿಡಿ. ಕೆನಡಾದ ಉತ್ತರ ತುದಿಯ ನಮ್ಮ ನುನಾವುಟ್‌ನ ಊರುಗಳಿಗೆ ನರ್ಸುಗಳು ದಕ್ಷಿಣದಿಂದ ಬರುತ್ತಾರೆ, ಹೋಗುತ್ತಾರೆ. ಒಂದು ಹೆಸರು ನಾಲಿಗೆಗೆ ಹತ್ತುವಷ್ಟರಲ್ಲಿ ಇನ್ನೊಂದು ಮುಖ ಬಂದು ಕೂತಿರುತ್ತದೆ. ಅವರಿಗೆ ನಮ್ಮ ಇನುಕ್ಟಿಟೂಟ್ ಬರದು, ನಮ್ಮ ಮುದುಕರಿಗೆ ಇಂಗ್ಲಿಷ್ ಬರದು. ಈ ಇಬ್ಬರ ನಡುವೆ ಇರುವವಳು ಗೀಲಾ ಒಬ್ಬಳೇ, ಕೇಂದ್ರದ ದುಭಾಷಿ. ಅಕ್ಕನ ಹೆರಿಗೆಗೆಂದು ಹತ್ತು ದಿನ ಪಕ್ಕದೂರಿಗೆ ಹೋಗಿದ್ದಳು ನೋಡಿ, ಅಷ್ಟರಲ್ಲೇ ಈ ಎಡವಟ್ಟು!

"ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ," ಎಂದಳು. "ಕಣ್ಣಿನ ಡಾಕ್ಟರು ದೊಡ್ಡ ಊರಿನ ಆಸ್ಪತ್ರೆಗೆ ಬರೋದು ವರ್ಷಕ್ಕೊಂದೇ ಸಲ. ಶುಕ್ರವಾರದ ವಿಮಾನಕ್ಕೆ ಅವಳ ಹೆಸರು ಇಲ್ಲ ಅಂದ್ರೆ ಮುಂದಿನ ವರ್ಷದವರೆಗೆ ಕಾಯ್ಬೇಕು. ಅಲ್ಲೀವರೆಗೆ ಆ ಕಣ್ಣಲ್ಲಿ ಏನು ಉಳಿದಿರುತ್ತೆ? ಅಕ್ಕನಿಗೆ ಮಗು ಹೊರೋಕೆ ಬೆನ್ನಚೀಲ ಇರೋ ಅಮೌಟಿ ಕೋಟು ಹೊಲೀತೀನಿ ಅಂತ ಕೂತಿದ್ದಾಳೆ, ಸೂಜಿಗೆ ದಾರ ಹಾಕೋಕೂ ಆಗ್ತಿಲ್ಲ!"

ಬಾಸೀಲ್ ಬಿಸ್ಕತ್ತು ಕೆಳಗಿಟ್ಟ. ಎದ್ದು ತನ್ನ ಪಾರ್ಕಾ ಎತ್ತಿಕೊಂಡ.

"ನಡೀರಿ. ನಿಮ್ಮಜ್ಜಿ ಹತ್ರ ಹೋಗೋಣ."

ಗೀಲಾ ಇದನ್ನು ನಿರೀಕ್ಷಿಸಿರಲಿಲ್ಲ.

ಅಜ್ಜಿಯ ಹೆಸರು ಕೌನಾಕ್. ಒಲೆಯ ಪಕ್ಕ ಸೀಲ್ ಚರ್ಮದ ತುಂಡು ಹಿಡಿದು, ಬೆರಳಿನಿಂದಲೇ ಅಂಚು ಹುಡುಕುತ್ತಿದ್ದಳು.

"ಬಂದ್ಯಾ ಅಮ್ಮಾ? ಯಾರದು ಜೊತೇಲಿ, ದೊಡ್ಡ ಹೆಜ್ಜೆ ಇಡ್ತಿರೋನು?"

"ಅದೇ ನರ್ಸು, ಅಜ್ಜಿ. ಅವನು ಆಪರೇಷನ್ ಬೇಕಾ ಅಂತ ಕೇಳಿದಾಗ ನೀನು ಏನಂದೆ?"

"ಹೌದು ಅಂದೆ. ಮತ್ತೆ ಕೇಳ್ದ, ಮತ್ತೆ ಹೌದು ಅಂದೆ. ಮೂರನೇ ಸಲನೂ ಅದನ್ನೇ ಕೇಳ್ತಾನಲ್ಲ, ನಾನೇನು ಸುಳ್ಳು ಹೇಳೋ ಮುದುಕೀನಾ? ಮರ್ಯಾದೆ ಇಲ್ಲದೋರ ಮುಖ ನೋಡಬಾರದು ಅಂತ ಕಿಟಕಿ ಕಡೆ ತಿರುಗಿದೆ."

ಗೀಲಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬಾಸೀಲ್‌ನ ಮುಖ ಕೆಂಪಾಯಿತು.

"ಆದ್ರೆ ನನಗೆ ಕೇಳಿಸಲೇ ಇಲ್ವಲ್ಲ! ಈಗ ಕೇಳಿ, ಪ್ಲೀಸ್. ಅವರಿಗೆ ಆಪರೇಷನ್ ಬೇಕಾ?"

ಗೀಲಾ ಕೇಳಿದಳು. ಅಜ್ಜಿ ಉತ್ತರಿಸಿದಳು.

ಬಾಸೀಲ್ ಕಾದ. ಇನ್ನೂ ಕಾದ.

"ಏನಂತಾರೆ?"

"ಹೇಳಿದ್ಲಲ್ಲ!"

"ಯಾವಾಗ?"

"ಈಗ! ನಿಮ್ಮ ಕಣ್ಣ ಮುಂದೇನೇ!"

ಗೀಲಾ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಅವಳಿಗೆ ಹೊಳೆಯಿತು. ಅಯ್ಯೋ ದೇವರೇ... ಇವನಿಗೆ ಯಾರೂ ಹೇಳೇ ಇಲ್ಲ!

"ಬಾಸೀಲ್, ನನ್ನ ಮುಖ ನೋಡಿ. ಸರಿಯಾಗಿ ನೋಡಿ." ಅವಳು ಎರಡೂ ಹುಬ್ಬುಗಳನ್ನು ಮೇಲಕ್ಕೆತ್ತಿದಳು. "ಇದು ಹೌದು." ಮೂಗು ಸುಕ್ಕಿಸಿದಳು. "ಇದು ಇಲ್ಲ. ನಮ್ಮಲ್ಲಿ ಅರ್ಧ ಮಾತು ಮುಖದಲ್ಲೇ ಮುಗಿಯುತ್ತೆ."

"ನಾನು ಆಗ... ಕಂಪ್ಯೂಟರ್ ನೋಡ್ತಾ ಕೇಳಿದ್ದೆ," ಎಂದ ಬಾಸೀಲ್ ಮೆಲ್ಲಗೆ. "ಮೂರು ಸಲನೂ. ಬರೋಕೆ ಮುಂಚೆ ಎರಡು ಗಂಟೆ ವಿಡಿಯೊ ತೋರಿಸಿದ್ರು. ಕರಡಿ ಬಂದ್ರೆ ಏನು ಮಾಡ್ಬೇಕು ಅಂತ ಎಲ್ಲಾ ಇತ್ತು. ಹುಬ್ಬಿನ ಸುದ್ದೀನೇ ಇರಲಿಲ್ಲ."

ಗೀಲಾಳಿಗೆ ನಗು ತಡೆಯಲಾಗಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ!

ಅವನು ಅಜ್ಜಿಯ ಮುಂದೆ ಮಂಡಿಯೂರಿ ಕೂತ. "ಕ್ಷಮಿಸಿ ಅಂತ ಹೇಗೆ ಹೇಳ್ಬೇಕು?" ಎಂದು ಗೀಲಾಳನ್ನು ಕೇಳಿ, ತಪ್ಪು ತಪ್ಪಾಗಿ ಹೇಳಿದ. ಅಜ್ಜಿ ಕೈಚಾಚಿ ಅವನ ಗಡ್ಡ ಮುಟ್ಟಿ ನೋಡಿದಳು. "ಕರಡಿ ಮರಿ," ಎಂದು ಕಿಸಕ್ಕನೆ ನಕ್ಕಳು.

ವಾಪಸ್ ಬರುವಾಗ ಬಾಸೀಲ್ ಕೇಳಿದ, "ಅಜ್ಜಿ ನಿಮ್ಮನ್ನ ಏನೋ ಕರೀತಿದ್ರಲ್ಲ?"

"ಅಮ್ಮ ಅಂತ. ಅವಳ ತಾಯಿ ಹೆಸರೇ ನನಗಿಟ್ಟಿರೋದು. ಹಾಗಾಗಿ ನಾನು ಅವಳಿಗೆ ಅಮ್ಮಾನೇ." ಗೀಲಾ ಕತ್ತು ಆ ಕಡೆ ತಿರುಗಿಸಿದಳು. "ಅದಕ್ಕೇ ನಿಮ್ಮ ಮೇಲೆ ಅಷ್ಟು ಕೂಗಾಡಿದ್ದು. ಮಗಳ ವಿಷ್ಯ ಅಲ್ವಾ."

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಹೆಸರು ಮತ್ತೆ ಸೇರಿಸಬೇಕಾದರೆ ರೋಗಿಯ ಒಪ್ಪಿಗೆ ಫೋನಿನಲ್ಲೇ ಕೇಳಬೇಕಂತೆ. ಮನೆಯವರು ದುಭಾಷಿಯಾಗುವಂತಿಲ್ಲವಂತೆ. ಮರುದಿನ ಕೇಂದ್ರದಲ್ಲಿ ಗೀಲಾ ಮೂಲೆಯಲ್ಲಿ ಬಾಯಿ ಮುಚ್ಚಿ ಕೂತಳು. ಫೋನಿನ ಆ ತುದಿಯಲ್ಲಿ ಆಸ್ಪತ್ರೆಯ ಒಬ್ಬ ಗುಮಾಸ್ತೆ, ಜೊತೆಗೆ ಇನ್ನೆಲ್ಲಿಂದಲೋ ಮಾತಾಡುವ ದುಭಾಷಿ.

"ಕೌನಾಕ್ ಅವರೇ, ನಿಮಗೆ ಕಣ್ಣಿನ ಆಪರೇಷನ್‌ಗೆ ಒಪ್ಪಿಗೆ ಇದೆಯಾ?"

ಅಜ್ಜಿ ಫೋನಿಗೆ ಹುಬ್ಬೇರಿಸಿದಳು.

ಗೀಲಾ ತಲೆಯ ಮೇಲೆ ಕೈ ಹೊತ್ತಳು.

"ಹಲೋ? ಒಪ್ಪಿಗೆ ಇದೆಯಾ?"

ಅಜ್ಜಿ ಇನ್ನೂ ಮೇಲಕ್ಕೆ ಹುಬ್ಬೇರಿಸಿದಳು. ಹಣೆಯ ಸುಕ್ಕೆಲ್ಲ ಕೂದಲಿಗೆ ತಾಗುವಷ್ಟು!

"ರೋಗಿ ಉತ್ತರ ಕೊಡ್ತಿಲ್ಲ," ಎಂದಳು ಗುಮಾಸ್ತೆ. "ಇನ್ನೊಂದು ಸಲ ಕೇಳ್ತೀವಿ."

"ಬೇಡ!" ಎಂದ ಬಾಸೀಲ್. "ಮೂರನೇ ಸಲ ಕೇಳೋದು ಬೇಡ. ಅವರು ಎರಡು ಸಲ ಹೌದು ಅಂದಾಯ್ತು."

"ನಮಗೆ ಏನೂ ಕೇಳಿಸಲಿಲ್ಲ ಸರ್."

"ನಿಮಗೆ ಕೇಳಿಸಿಲ್ಲ. ನಾನು ನೋಡಿದೆ. ನಿಮ್ಮ ಫಾರಮ್ಮಿನಲ್ಲಿ ಕೇಳಿದ್ದಕ್ಕೆ ಜಾಗ ಇದೆ, ನೋಡಿದ್ದಕ್ಕೂ ಒಂದಿಷ್ಟು ಜಾಗ ಮಾಡಿ. ನರ್ಸ್ ಥೆರಿಯೋ ಸಾಕ್ಷಿ ಅಂತ ಬರೀರಿ. ಸಹಿ ನಾನು ಹಾಕ್ತೀನಿ."

ಆ ಕಡೆಯಿಂದ ಕೀಲಿಮಣೆಯ ಟಕಟಕ ಸದ್ದು.

ಗೀಲಾ ಅವನನ್ನೇ ನೋಡುತ್ತಾ ಕೂತಳು. ಎಷ್ಟೋ ವರ್ಷಗಳಿಂದ ಎರಡು ಕಡೆಯವರ ಮಾತನ್ನೂ ತಾನೊಬ್ಬಳೇ ಹೊತ್ತು ತಿರುಗುತ್ತಿದ್ದಳು. ಇವತ್ತು ಮೊದಲ ಸಲ ಆ ಭಾರದ ಇನ್ನೊಂದು ತುದಿ ಯಾರೋ ಹಿಡಿದಂತಾಯಿತು. ಅವಳ ಎದೆ ಯಾಕೋ ಹಗುರವಾಗಿತ್ತು.

ಶುಕ್ರವಾರದ ವಿಮಾನದಲ್ಲಿ ಅಜ್ಜಿ ಹೋದಳು. ವಾರ ಕಳೆದು ಬಂದಳು. ಮನೆಯೊಳಗೆ ಕಾಲಿಟ್ಟವಳೇ, "ಅಮ್ಮಾ, ಈ ಗೋಡೆ ಇಷ್ಟು ಗಲೀಜಾ?" ಎಂದಳು. ಗೀಲಾ ಅಳುತ್ತಾ ನಕ್ಕಳು.

ಬಾಸೀಲ್ ಆ ಮನೆಗೆ ಬರತೊಡಗಿದ. ಮೊದಲು ಕಣ್ಣಿಗೆ ಔಷಧಿ ಹಾಕಲು, ಆಮೇಲೆ ಬರೀ ಚಹಾ ಕುಡಿಯಲು. ಮನೆಯಲ್ಲಿ ಅವನದು ಫ್ರೆಂಚ್. ಅವನ ಊರಲ್ಲೂ ಆಸ್ಪತ್ರೆ ಇಂಗ್ಲಿಷಿನದೇ ಆಗಿತ್ತಂತೆ, ತಾಯಿಯ ಪರವಾಗಿ ಎಂಟು ವರ್ಷಕ್ಕೇ ಅವನು ಡಾಕ್ಟರ ಹತ್ತಿರ ಮಾತಾಡಿದ್ದನಂತೆ. "ನಾನೇ ಅಜ್ಜಿಗೆ ಹಾಗೆ ಮಾಡಿಬಿಟ್ಟೆನಲ್ಲ ಗೀಲಾ," ಎಂದು ಒಂದು ದಿನ ತಲೆ ತಗ್ಗಿಸಿದ. 'ನೀವು' ಹೋಗಿ 'ನೀನು' ಬಂದದ್ದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ. ಊರಿಗೆ ನೆನಪಿದೆ. ನಮ್ಮೂರಿಗೆ ಬೇರೆ ಕೆಲಸ ಏನಿದೆ ಹೇಳಿ!

ಏಪ್ರಿಲ್ ಕೊನೆಯ ಒಂದು ಭಾನುವಾರ ಇಬ್ಬರೂ ಹಿಮಗಾಡಿಯಲ್ಲಿ ಸರೋವರಕ್ಕೆ ಮೀನು ಹಿಡಿಯಲು ಹೋದರು. ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಎರಡು ಬದಿಗೆ ಇಬ್ಬರೂ ಗಾಳ ಹಿಡಿದು ಕೂತಿದ್ದರು.

"ಗೀಲಾ... ಬರೋ ತಿಂಗಳು ನನ್ನ ಅವಧಿ ಮುಗಿಯುತ್ತೆ." ಬಾಸೀಲ್ ಗಾಳವನ್ನೇ ನೋಡುತ್ತಿದ್ದ. ಆಮೇಲೆ, ಪಾಠ ನೆನಪಾಗಿ, ತಲೆ ಎತ್ತಿ ಅವಳ ಮುಖ ನೋಡಿದ. "ಇನ್ನೂ ಎರಡು ವರ್ಷದ ಕೆಲಸಕ್ಕೆ ಕಾಗದ ಕೊಟ್ಟಿದ್ದಾರೆ. ನಾನು ಇಲ್ಲೇ ಉಳಿದುಬಿಡ್ಲಾ? ನಿನ್ನ ಜೊತೆ?"

ಗೀಲಾಳ ಎದೆ ಡವಡವ ಹೊಡೆದುಕೊಂಡಿತು. ಉತ್ತರ ಕೊಟ್ಟಳು.

ಅವನು ಕಾದ. ಮತ್ತೆ ಕೇಳಿದ, "ಉಳೀಲಾ?"

ಅವಳು ಮತ್ತೆ ಉತ್ತರ ಕೊಟ್ಟಳು.

ಬಾಸೀಲ್ ತಲೆ ತಗ್ಗಿಸಿದ. ಮೂರನೇ ಸಲ ಕೇಳಲಿಲ್ಲ.

ಅಷ್ಟರಲ್ಲಿ ಗಾಳಕ್ಕೆ ಚಾರ್ ಮೀನು ಸಿಕ್ಕಿ ಎಳೆದಾಟ ಶುರುವಾಯಿತು. ಗೀಲಾಳ ಖುಷಿಯಲ್ಲಿ ಅವನ ಮೌನ ಅವಳಿಗೆ ವಿಚಿತ್ರ ಅನ್ನಿಸಲೇ ಇಲ್ಲ. 'ನಾಚಿಕೊಂಡಿದ್ದಾನೆ,' ಅಂದುಕೊಂಡಳು.

ಹತ್ತು ದಿನದ ಮೇಲೆ ಕೇಂದ್ರದ ಗೋಡೆಯಲ್ಲಿ ಚೀಟಿ ಅಂಟಿತ್ತು. ನರ್ಸ್ ಥೆರಿಯೋ ಹೋಗುತ್ತಿದ್ದಾರೆ, ಹೊಸ ನರ್ಸ್ ಬರುತ್ತಿದ್ದಾರೆ.

ಗೀಲಾ ಅದನ್ನು ಮತ್ತೆ ಮತ್ತೆ ಓದಿದಳು. 'ಕೇಳಿದ್ದು ಅವನೇ... ಹೌದು ಅಂದೆ... ಎರಡೆರಡು ಸಲ ಅಂದೆ... ಆದ್ರೂ ಹೋಗ್ತಿದ್ದಾನಾ?' ಅವನು ಎದುರಾದಾಗ ನೋಡದವಳಂತೆ ನಡೆದುಬಿಟ್ಟಳು. ಅವನೂ ಮಾತಾಡಲಿಲ್ಲ. ಬಾಯಿಬಿಟ್ಟು ಕೇಳಲು ಅವಳ ಹಟ ಬಿಡಲಿಲ್ಲ.

ಅವನು ಹೊರಡುವ ದಿನ ಮಂಜು ಮುಸುಕಿ ವಿಮಾನವೇ ಬರಲಿಲ್ಲ. ಮರುದಿನವೂ ಇಲ್ಲ. ಮನೆಯ ಬೀಗದ ಕೈ ವಾಪಸ್ ಕೊಟ್ಟಿದ್ದ ಬಾಸೀಲ್, ವಿಮಾನ ನಿಲ್ದಾಣದ ಬೆಂಚಿನ ಮೇಲೆ ಚೀಲಕ್ಕೆ ಒರಗಿ ಕೂತೇ ಇದ್ದ.

ಮನೆಯಲ್ಲಿ ಅಜ್ಜಿ ಹೊಲಿಯುತ್ತಿದ್ದಳು. ಅಮೌಟಿ ಮುಗಿದಿತ್ತು. ಈಗ ಕೈಯಲ್ಲಿದ್ದದ್ದು ದೊಡ್ಡದೊಂದು ಪಾರ್ಕಾ.

"ಹೋಗೋನಿಗೆ ಯಾಕಜ್ಜಿ ಹೊಲೀತೀಯಾ?" ಗೀಲಾಳ ಕಣ್ಣು ತುಂಬಿತು. "ಉಳೀಲಾ ಅಂತ ಕೇಳ್ದ. ಎರಡು ಸಲ ಹೌದು ಅಂದೆ. ಆದ್ರೂ ಹೊರಟ."

"ಎಲ್ಲಿ ಕೇಳ್ದ?"

"ಸರೋವರದ ಮೇಲೆ."

"ಬಿಸಿಲಿತ್ತಾ?"

"ತುಂಬಾ. ಕಪ್ಪು ಹಿಮಗನ್ನಡಕ ಹಾಕ್ಕೊಂಡು..."

ಗೀಲಾ ಅಲ್ಲೇ ನಿಂತುಬಿಟ್ಟಳು.

ಹಣೆಯಿಂದ ಮೂಗಿನವರೆಗೆ ಮುಚ್ಚುವ ಅಗಲದ ಕನ್ನಡಕ. ಅದರ ಮೇಲೆ ಪಾರ್ಕಾದ ತುಪ್ಪಳದ ಟೋಪಿ. ಅದರೊಳಗೆ ಎರಡು ಸಲ ಏರಿದ್ದ ಹುಬ್ಬು!

ಅಜ್ಜಿ ಸೂಜಿ ಕೆಳಗಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ದುಭಾಷಿ ಅಂತೆ ದುಭಾಷಿ! ಹೋಗಮ್ಮಾ, ಬೇಗ ಹೋಗು. ಮಂಜು ತಿಳಿಯಾಗ್ತಿದೆ. ಈ ಪಾರ್ಕಾನೂ ತಗೊಂಡು ಹೋಗು, ಗುಂಡಿ ಆಮೇಲೆ ಹಾಕ್ತೀನಿ."

ಗೀಲಾ ನಿಲ್ದಾಣಕ್ಕೆ ಬಂದಾಗ ವಿಮಾನ ಇಳಿಯುವ ಸದ್ದು ಕೇಳುತ್ತಿತ್ತು. ಬಾಸೀಲ್ ಚೀಲ ಹೆಗಲಿಗೇರಿಸಿ ನಿಂತಿದ್ದ.

ಅವಳು ಅವನ ಎದುರು ನಿಂತು ಟೋಪಿ ಸರಿಸಿದಳು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಳು.

"ಸರೋವರದ ಮೇಲೆ ಕೇಳಿದ್ಯಲ್ಲ, ಅದನ್ನ ಇನ್ನೊಂದು ಸಲ ಕೇಳು."

"ಮೂರನೇ ಸಲ ಕೇಳ್ಬಾರದಲ್ಲ, ಗೀಲಾ." ಅವನ ದನಿ ತೀರಾ ಸಣ್ಣಗಿತ್ತು. "ಅಜ್ಜಿ ಕಲಿಸಿದ್ದು. ನೀನು ಎರಡು ಸಲನೂ ಸುಮ್ಮನಿದ್ದೆ. ಬಲವಂತ ಮಾಡಬಾರದು ಅಂತ..."

"ಸುಮ್ಮನಿರಲಿಲ್ಲ ಕಣೋ! ಕನ್ನಡಕದ ಒಳಗೆ ಹೇಳಿದ್ದೆ!"

ಬಾಸೀಲ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಹೆಗಲಿನ ಚೀಲ ತಾನಾಗಿಯೇ ಜಾರಿ ನೆಲಕ್ಕೆ ಬಿತ್ತು.

"ಎರಡು ಸಲನೂ?"

"ಎರಡು ಸಲನೂ. ನಿನ್ನನ್ನ ಬಿಟ್ಟು ಹೇಗಿರ್ಲಿ ನಾನು? ನೀನು ಇಷ್ಟ ಅಂತ ಇಡೀ ಊರಿಗೆ ಗೊತ್ತು, ನಿನಗೊಬ್ಬನಿಗೇ ಗೊತ್ತಿಲ್ಲ! ನಾನೇ ಹೇಳ್ತಿದ್ದೀನಲ್ಲ, ಕೇಳು."

ಅವನು ಒಳಜೇಬಿನಿಂದ ಒಂದು ಕಾಗದ ತೆಗೆದ. ಮಡಚಿ ಮಡಚಿ ಅಂಚು ಸವೆದಿತ್ತು. ಎರಡು ವರ್ಷದ ಅದೇ ಕಾಗದ, ಸಹಿ ಹಾಕಿರಲಿಲ್ಲ, ಹರಿದೂ ಹಾಕಿರಲಿಲ್ಲ. ಕೇಂದ್ರದಲ್ಲಿ ಇನ್ನೊಬ್ಬ ನರ್ಸಿನ ಜಾಗ ಹೇಗೂ ವರ್ಷದಿಂದ ಖಾಲಿ ಬಿದ್ದಿತ್ತು.

"ಗೀಲಾ, ನಾನು ಇಲ್ಲೇ ಉಳೀಲಾ? ನಿನ್ನ ಜೊತೆ?"

ಗೀಲಾಳ ಎರಡೂ ಹುಬ್ಬುಗಳು ಮೆಲ್ಲಗೆ, ಆದಷ್ಟು ಮೇಲಕ್ಕೆ ಏರಿದವು. ಕಣ್ಣಂಚಿನ ಹನಿ ಕೆನ್ನೆಗಿಳಿಯಿತು.

ಅವಳು ಅಜ್ಜಿಯ ಪಾರ್ಕಾವನ್ನು ಅವನ ಹೆಗಲಿಗೆ ಹೊದಿಸಿದಳು. ಬರೀ ಕಣ್ಣಳತೆಯಲ್ಲಿ ಹೊಲಿದದ್ದು. ಸರಿಯಾಗಿ ಕೂತಿತು.

"ಬಾಯಲ್ಲೂ ಹೇಳ್ಲಾ?" ಗೀಲಾ ಮೂಗೆಳೆಯುತ್ತಾ ನಕ್ಕಳು. "ಫಾರಮ್ಮಿಗೆ ಬೇಕಾಗುತ್ತೇನೋ?"

"ಬೇಡ," ಎಂದ ಬಾಸೀಲ್, ಅವಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು. "ನಾನು ನೋಡಿದೆ."