ಹಳದಿ ಹೆಲ್ಮೆಟ್ಟಿನ ಒಳಪಟ್ಟಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಪಂಪು ತಯಾರಿಸುವ ಕಾರ್ಖಾನೆಯ ಮ್ಯಾನೇಜರು ಠಾಣೆಗೆ ಬಂದರು. ದೂರಿನ ಜೊತೆ ಕಳ್ಳಿಯನ್ನೂ ತಾವೇ ಗೊತ್ತುಮಾಡಿಕೊಂಡು ಬಂದಿದ್ದರು. ಇಂಟರ್ನ್‌ಶಿಪ್ಪಿಗೆ ಬಂದ ವಿಶ್ವವಿದ್ಯಾಲಯದ ಹುಡುಗಿ ಹೊಸ ಪಂಪಿನ ನೀರು ತಳ್ಳುವ ಒಳಚಕ್ರವನ್ನು ಕದ್ದಿದ್ದಾಳೆ, ಬೇರೆ ಕಂಪನಿಗೆ ಕೊಡುತ್ತಾಳೆ, ಎಫ್‌ಐಆರ್‌ನಲ್ಲಿ ಅವಳ ಹೆಸರು ಹಾಕಿ ಎಂದರು.

"ಅವಳು ಒಯ್ದದ್ದನ್ನ ನೋಡಿದವರು ಯಾರು?" ಎಂದರು ಇನ್‌ಸ್ಪೆಕ್ಟರಮ್ಮ.

"ನಮ್ಮ ಕಾವಲುಗಾರ."

ಇನ್‌ಸ್ಪೆಕ್ಟರಮ್ಮ ಹುಡುಗಿಯ ಪ್ರೊಫೆಸರಿಗೆ ಫೋನು ಮಾಡಿದರು. ಆರು ತಿಂಗಳು ಕಾರ್ಖಾನೆಯಲ್ಲಿ ದುಡಿದು, ಅಲ್ಲಿನ ಮಾರ್ಗದರ್ಶಿ ಅಂಕ ಕೊಟ್ಟರೇನೇ ಡಿಗ್ರಿ ಎಂದರು ಅವರು. ಕಾರ್ಖಾನೆಗೂ ಅದು ಲಾಭವೇ: ಆರು ತಿಂಗಳು ಕೆಲಸ ನೋಡಿ, ಕೈ ಚೆನ್ನಾಗಿದ್ದವರನ್ನು ಅಲ್ಲೇ ಉಳಿಸಿಕೊಳ್ಳಬಹುದು. ಕಳ್ಳತನದ ಕೇಸಿನಲ್ಲಿ ಹೆಸರು ಬಂದರೆ ಮಾತ್ರ ಹುಡುಗಿಗೆ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ.

ಎಫ್‌ಐಆರ್ ದಾಖಲಾಯಿತು, ಅಪರಿಚಿತ ವ್ಯಕ್ತಿಯ ಮೇಲೆ. ಮ್ಯಾನೇಜರ ಮುಖ ಹುಳ್ಳಗಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರಮ್ಮ ಕಾನ್‌ಸ್ಟೆಬಲ್ ಜೊತೆ ಕಾರ್ಖಾನೆಗೆ ಹೋಗಿ, ಹುಡುಗಿಯನ್ನೂ ಅಲ್ಲಿಗೇ ಕರೆಸಿದರು. ಅಲ್ಲಿ ಎಲ್ಲರಿಗೂ ಒಂದೇ ನೀಲಿ ಕೋಟು. ನೌಕರರಿಗೆ ಬಿಳಿ ಹೆಲ್ಮೆಟ್ಟು, ಇಂಟರ್ನಿಗೆ ಹಳದಿ. ಈ ವರ್ಷ ಹಳದಿಯದು ಒಂದೇ ಒಂದು. ಸೋಮವಾರ ಊಟದ ಹೊತ್ತಿಗೆ ಅದು ಗುಜರಿ ಶೆಡ್ಡಿನ ಕಡೆ ಹೋದದ್ದನ್ನು ಕಾವಲುಗಾರ ಹಿಂದಿನಿಂದ ಕಂಡಿದ್ದ, ಕೈಯಲ್ಲಿ ಬಟ್ಟೆ ಸುತ್ತಿದ ಗಂಟು.

"ಮುಖ ನೋಡಿದ್ರಾ?"

"ಇಂಟರ್ನ್ ಮುಖ ಯಾರು ನೋಡ್ತಾರೆ ಮೇಡಂ? ಹಳದಿ ಕಂಡ್ರೆ ಅವಳೇ."

ಹುಡುಗಿ ಆ ಹೊತ್ತಿನಲ್ಲಿ ಪರೀಕ್ಷಾ ಕೋಣೆಯಲ್ಲಿ ಒಬ್ಬಳೇ ಇದ್ದಳಂತೆ. ಹೆಲ್ಮೆಟ್ಟು ಹೊರಗೆ ಮೊಳೆಯಲ್ಲಿ ತೂಗುತ್ತಿತ್ತಂತೆ. ಚಕ್ರ ಕಾಣದ ಕೂಡಲೇ ಮ್ಯಾನೇಜರು ಅವಳನ್ನು ಹೊರಗೆ ಕಳಿಸಿದ್ದರು. ಆಮೇಲೆ ಆ ಹೆಲ್ಮೆಟ್ಟನ್ನು ಯಾರೂ ಮುಟ್ಟಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಅವಳ ದಪ್ಪ ತುರುಬನ್ನು ನೋಡಿದರು. ಇಪ್ಪತ್ತು ವರ್ಷದಿಂದ ತುರುಬಿನ ಮೇಲೆ ಟೋಪಿ ಕೂರಿಸುವ ಪಾಡು ಅವರಿಗೂ ಗೊತ್ತಿತ್ತು.

"ಹೆಲ್ಮೆಟ್ ಹಾಕ್ಕೊಳಮ್ಮ."

ಅದು ತಲೆಗೆ ಇಳಿಯಲೇ ಇಲ್ಲ, ಬೋರಲು ಹಾಕಿದ ಬಟ್ಟಲಿನಂತೆ ಮೇಲೆ ಕೂತಿತು. "ನಾನು ಒಳಪಟ್ಟೀನ ಕೊನೇ ತೂತಿಗೆ ಸಡಿಲ ಮಾಡ್ಕೊಂಡಿದ್ದೆ ಮೇಡಂ" ಎಂದಳು ಹುಡುಗಿ. ಈಗ ಪಟ್ಟಿ ಮೊದಲನೇ ತೂತಿಗೆ ಬಿಗಿದಿತ್ತು.

ಮೀಸೆ ಕಾನ್‌ಸ್ಟೆಬಲ್ ಬಿಳಿ ಹೆಲ್ಮೆಟ್ಟುಗಳನ್ನೆಲ್ಲ ಮಗುಚಿ ನೋಡಿದ. ಮೊದಲ ತೂತಿಗೆ ಬಿಗಿದದ್ದು ಒಂದೇ, ಹುಡುಗಿಯ ಮಾರ್ಗದರ್ಶಿಯದು. "ಕೂದಲೂ ಇಲ್ಲ, ತಲೆಯೂ ಚಿಕ್ಕದು. ಪಾಪ, ಗುಟ್ಟು ಅಡಗಿಸೋಕೆ ಜಾಗ ಎಲ್ಲಿ?" ಎಂದು ಮೀಸೆಯಲ್ಲೇ ನಕ್ಕ.

ಮೂರು ಗಂಟೆಗೆ ಇಬ್ಬರು ಪಂಚರ ಮುಂದೆ ಮಾರ್ಗದರ್ಶಿಯ ಬೀರು ತೆರೆಸಿದರು. ಚಕ್ರ ಒಳಗೇ ಇತ್ತು, ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಒಂದು ಗೀರೂ ಇಲ್ಲದೆ.

"ಯಾಕೆ ಮಾಡಿದ್ರಿ?"

ಮಾರ್ಗದರ್ಶಿ ತಾನೇ ಎಲ್ಲ ಹೇಳಿದ. ಒಂದು ಕಾಲಕ್ಕೆ ಅವನೂ ಇಲ್ಲಿ ಹಳದಿ ಹೆಲ್ಮೆಟ್ಟು ಹಾಕಿದವನೇ. ಈ ಪಂಪಿನ ನಡುಕ ನಿಲ್ಲಿಸಲು ಅರ್ಧ ಆಯುಷ್ಯ ಹೆಣಗಿ ಸೋತಿದ್ದ. ಹುಡುಗಿಗೆ ಕೆಲಸ ಕಲಿಸಿದವನೂ ಅವನೇ. ಶುಕ್ರವಾರ ಪ್ರೊಫೆಸರ ಮುಂದೆ ಅವಳು ತಯಾರಿಸಿದ ಈ ಚಕ್ರ ತಿರುಗಬೇಕಿತ್ತು, ನಡುಗದೆ.

"ಅವಳು ಸೋತಿದ್ರೆ ಇನ್ನೂ ಆರು ತಿಂಗಳು ಕಲಿಸ್ತಿದ್ದೆ. ಗೆದ್ದದ್ದನ್ನ ತಡ್ಕೊಳಕ್ಕೆ ಆಗ್ಲಿಲ್ಲ. ಒಡೆದು ಗುಜರಿಗೆ ಹಾಕೋಣ ಅಂತಲೇ ಅವಳ ಹೆಲ್ಮೆಟ್ ಹಾಕ್ಕೊಂಡು ಹೋದೆ. ಕೈ ಬರ್ಲಿಲ್ಲ ಮೇಡಂ. ಅಷ್ಟು ಚೆನ್ನಾಗಿ ಮಾಡಿದಾಳೆ."

ಬಾಗಿಲಲ್ಲಿ ನಿಂತಿದ್ದ ಹುಡುಗಿ ತಲೆ ತಗ್ಗಿಸಲಿಲ್ಲ. "ಅಂಚು ಉಜ್ಜೋದು ನೀವೇ ತೋರ್ಸಿದ್ದು ಸರ್" ಎಂದಳು ಅಷ್ಟೇ.

ಬಂಧನವಾಯಿತು. ಶುಕ್ರವಾರಕ್ಕೆ ಮೊದಲು ಚಕ್ರವನ್ನು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಇವತ್ತೇ ಹೋಗಲಿ ಎಂದು ಇನ್‌ಸ್ಪೆಕ್ಟರಮ್ಮ ಹೇಳಿದರು. ಪಂಚನಾಮೆ ಬರೆಯುತ್ತಿದ್ದ ಮೀಸೆ ಪೆನ್ನು ನಿಲ್ಲಿಸಿದ.

"ವಸ್ತು ತಯಾರಿಸಿದವರು ಯಾರು ಅಂತ ಬರೀಲಿ? ಕಾರ್ಖಾನೆ ಅಂತಲೇ?"

ಮ್ಯಾನೇಜರು ಹೌದೆಂದು ತಲೆಯಾಡಿಸುವಷ್ಟರಲ್ಲಿ ಮಾರ್ಗದರ್ಶಿ ಬಾಯಿ ಹಾಕಿದ. "ಅವಳ ಹೆಸರು ಬರೀರಿ. ನನ್ನ ಶಿಷ್ಯೆ ಅಂತಾನೂ ಸೇರಿಸ್ಬಹುದಾ?"

ಪಂಚನಾಮೆಯಲ್ಲಿ ಅಂಥ ಮಾತಿಗೆ ಜಾಗವಿಲ್ಲ. ಮೀಸೆ ಇನ್‌ಸ್ಪೆಕ್ಟರಮ್ಮನ ಮುಖ ನೋಡಿದ. ಅವರು ಹುಡುಗಿಯ ಮುಖ ನೋಡಿದರು. ಅವಳು ಆಗಲಿ ಎಂದು ತಲೆಯಾಡಿಸಿದಳು.

ಇನ್‌ಸ್ಪೆಕ್ಟರಮ್ಮ ಎರಡನ್ನೂ ಬರೆಸಿದರು.